ನನ್ನ ಕಂತು, ಅಮ್ಮನ ಬಡ್ಡಿ

ರಿಸರ್ವ್ ಬ್ಯಾಂಕ್ ರೆಪೊ ದರ ಇಳಿಸಿತು ಎಂಬ ಸುದ್ದಿ ಕೇಳಿದ ಕೂಡಲೇ ನನಗೆ ಆಗುವುದು ಸಂತೋಷ. ಮನೆ ಸಾಲದ ಭಾರ ಒಂದಿಷ್ಟು ಇಳಿಯುತ್ತದಲ್ಲ ಎಂಬ ಸಂತೋಷ. ಅಮ್ಮನ ನೆನಪಾಗುವುದು ಅದರ ನಂತರ. ಎರಡರ ನಡುವೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ, ನಿಜ. ಆದರೂ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ನನ್ನನ್ನು ಕಾಡುತ್ತಾ ಬಂದಿದೆ. ನನ್ನ ಸಂತೋಷದ ಖರ್ಚನ್ನು ಯಾರು ಭರಿಸುತ್ತಿದ್ದಾರೆ ಎಂದು ಕೂತು ಲೆಕ್ಕ ಹಾಕದೆ ಈ ಕಾಟ ಹೋಗುವುದಿಲ್ಲ.

ಬ್ಯಾಂಕಿನ ಕೌಂಟರಿನ ಎರಡೂ ಸಾಲಿನಲ್ಲಿ ನಮ್ಮ ಕುಟುಂಬ ನಿಂತಿದೆ. ನಾನು ಮತ್ತು ನನ್ನ ಗಂಡ 2018ರಲ್ಲಿ ಬೆಂಗಳೂರಿನಲ್ಲಿ ಫ್ಲಾಟ್ ಕೊಳ್ಳಲು 40 ಲಕ್ಷ ಸಾಲ ಮಾಡಿದೆವು. ಶೇ 8.5 ಬಡ್ಡಿ, 20 ವರ್ಷದ ಅವಧಿ, ತಿಂಗಳಿಗೆ 34,700 ರೂಪಾಯಿ ಕಂತು. ಅಮ್ಮ ತಿಪಟೂರಿನಲ್ಲಿ ಒಬ್ಬಳೇ ಇದ್ದಾಳೆ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಪಿಂಚಣಿ ಇಲ್ಲದ ಕೆಲಸ. 2012ರಲ್ಲಿ ಅವರು ತೀರಿಕೊಂಡಾಗ ಅಮ್ಮನಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ವಿಮೆಯ ಹಣ, ಒಂದು ಸೈಟು ಮಾರಿ ಬಂದದ್ದು, ಅಪ್ಪ ಕೂಡಿಟ್ಟದ್ದು ಎಲ್ಲ ಸೇರಿ 20 ಲಕ್ಷವಾಯಿತು. ಅದನ್ನು ಊರಿನ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟು, ತಿಂಗಳು ತಿಂಗಳು ಬರುವ ಬಡ್ಡಿಯಲ್ಲಿ ಅವಳು ಸಂಸಾರ ತೂಗಿಸತೊಡಗಿದಳು.

ಅವಳ ಹತ್ತಿರ ಒಂದು ಉದ್ದನೆಯ ನೋಟ್ ಪುಸ್ತಕವಿದೆ. ಎಡಗಡೆ ಪುಟದಲ್ಲಿ ಎಫ್‌ಡಿ ರಸೀದಿಯ ನಂಬರು, ಇಟ್ಟ ತಾರೀಖು, ಮುಗಿಯುವ ತಾರೀಖು, ಬಡ್ಡಿ ದರ. ಬಲಗಡೆ ಪುಟದಲ್ಲಿ ತಿಂಗಳ ಖರ್ಚು. ಮೊದಲ ಸಲ ಇಟ್ಟಾಗ ದರ ಶೇ 9ರ ಆಸುಪಾಸು ಇತ್ತು. ತಿಂಗಳಿಗೆ 15,000 ರೂಪಾಯಿ. 2016ರಲ್ಲಿ ನವೀಕರಿಸಿದಾಗ ಶೇ 7, ತಿಂಗಳಿಗೆ 11,600. 2021ರಲ್ಲಿ ಆ ಅವಧಿಯೂ ಮುಗಿದು ಮತ್ತೆ ಐದು ವರ್ಷಕ್ಕೆ ಇಡಲು ಹೋದಾಗ ಶೇ 5.4, ತಿಂಗಳಿಗೆ 9,000. ಅಸಲು ಒಂದು ರೂಪಾಯಿಯೂ ಕಡಿಮೆಯಾಗಿರಲಿಲ್ಲ. ಆ ಎಂಟೊಂಬತ್ತು ವರ್ಷಗಳಲ್ಲಿ ಪೇಟೆಯ ಬೆಲೆಗಳು ಸರಾಸರಿ ಒಂದೂವರೆ ಪಟ್ಟು ದಾಟಿದ್ದವು. ಅವಳ ಆದಾಯ ಮಾತ್ರ ಐದರಲ್ಲಿ ಮೂರು ಪಾಲಿಗೆ ಇಳಿದಿತ್ತು.

ದರ ಅಷ್ಟು ಇಳಿದದ್ದಕ್ಕೆ ಕಾರಣವಿತ್ತು. ಅದನ್ನು ಮರೆತು ಮಾತಾಡಿದರೆ ನ್ಯಾಯವಾಗುವುದಿಲ್ಲ. ಕೋವಿಡ್ ಲಾಕ್‌ಡೌನ್ ಶುರುವಾದ ವಾರದಲ್ಲೇ, 2020ರ ಮಾರ್ಚ್ 27ರಂದು, ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 5.15ರಿಂದ 4.4ಕ್ಕೆ ಇಳಿಸಿತು. ಮೇ 22ರಂದು ಅದು ಶೇ 4ಕ್ಕೆ ಬಂತು. 2022ರ ಮೇ ತಿಂಗಳವರೆಗೂ ಅಲ್ಲೇ ಇತ್ತು. ಅಂಗಡಿ, ಕಾರ್ಖಾನೆಗಳ ಬಾಗಿಲು ಮುಚ್ಚಿದ್ದ ಕಾಲ. ಸಾಲ ಅಗ್ಗವಾದರೆ ಉದ್ಯಮಗಳು ಉಸಿರು ಹಿಡಿದುಕೊಂಡಾವು, ಕೆಲಸಗಳು ಉಳಿದಾವು ಎಂಬ ಲೆಕ್ಕ. ನನ್ನ ಗಂಡ ಕೆಲಸ ಮಾಡುವ ಸಣ್ಣ ಕಂಪನಿ ಆ ವರ್ಷ ಬದುಕಿಕೊಂಡದ್ದಕ್ಕೆ ಅಗ್ಗದ ಸಾಲವೂ ಒಂದು ಕಾರಣ. ಹಾಗಾಗಿ ದರ ಇಳಿಸಿದ್ದೇ ತಪ್ಪು ಎಂದು ಹೇಳುವ ಮನಸ್ಸು ನನಗಿಲ್ಲ. ನನಗೆ ಬೇಕಾಗಿರುವುದು, ಆ ಇಳಿಕೆಯ ಭಾರ ಯಾರ ಹೆಗಲ ಮೇಲೆ ಬಿತ್ತು ಎಂಬ ಲೆಕ್ಕ.

ನಮ್ಮ ಸಾಲವನ್ನು ಹಳೆಯ ಪದ್ಧತಿಯಿಂದ ರೆಪೊ ದರಕ್ಕೆ ಜೋಡಿಸಿಕೊಂಡಿದ್ದೆವು. 2019ರ ಅಕ್ಟೋಬರ್ 1ರಿಂದ ಹೊಸ ಮನೆ ಸಾಲಗಳ ಬದಲಾಗುವ ಬಡ್ಡಿಯನ್ನು ಇಂಥ ಹೊರಗಿನ ದರವೊಂದಕ್ಕೆ ಜೋಡಿಸಲೇಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿತ್ತು. ಮೂರು ತಿಂಗಳಿಗೊಮ್ಮೆಯಾದರೂ ದರ ಪರಿಷ್ಕರಣೆ ಆಗಬೇಕು. ಹೀಗಾಗಿ ಇಳಿಕೆ ನಮಗೆ ಬೇಗ ಮುಟ್ಟಿತು. 2021ರಲ್ಲಿ ದೊಡ್ಡ ಬ್ಯಾಂಕುಗಳ ಮನೆ ಸಾಲ ಶೇ 6.7ಕ್ಕೆ ಸಿಗುತ್ತಿತ್ತು. ನಮ್ಮದೂ ಅದರ ಹತ್ತಿರಕ್ಕೆ ಬಂತು. ಬ್ಯಾಂಕಿನವರು ಕಂತನ್ನು ಇಳಿಸಲಿಲ್ಲ, ಅವಧಿಯನ್ನು ಇಳಿಸಿದರು. ಉಳಿದಿದ್ದ 17 ವರ್ಷ 14ಕ್ಕಿಂತ ಕಡಿಮೆಯಾಯಿತು. ಮೂರು ವರ್ಷಕ್ಕೂ ಹೆಚ್ಚಿನ ಕಂತು, ಅಂದರೆ 12 ಲಕ್ಷಕ್ಕೂ ಮಿಕ್ಕಿದ ಹಣ, ಕಟ್ಟುವ ಅಗತ್ಯವೇ ಇಲ್ಲ ಎಂದು ಮೊಬೈಲಿನ ಪರದೆ ತೋರಿಸುತ್ತಿತ್ತು.

ಅಮ್ಮನ ಎಫ್‌ಡಿ ನವೀಕರಣವಾದದ್ದು ಇದೇ ಕಾಲದಲ್ಲಿ. ಎರಡೂ ಕಾಗದ ನನ್ನ ಮುಂದಿದ್ದವು. ಬ್ಯಾಂಕು ನನಗೆ ಕಡಿಮೆ ಬಡ್ಡಿಗೆ ಸಾಲ ಕೊಡಬೇಕಾದರೆ ಠೇವಣಿದಾರರಿಗೆ ಕಡಿಮೆ ಬಡ್ಡಿ ಕೊಡಬೇಕು. ಬ್ಯಾಂಕಿನ ಹಣದಲ್ಲಿ ದೊಡ್ಡ ಪಾಲು ಅವರದೇ. ಇದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ಆದರೆ ಒಂದೇ ಮನೆಯ ಎರಡು ಕಾಗದಗಳಲ್ಲಿ ಅದನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಆಗುವುದೇ ಬೇರೆ. 2020–21ರಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಸರಾಸರಿ ಶೇ 6.2. ಅಮ್ಮನಿಗೆ ಸಿಕ್ಕದ್ದು ಶೇ 5.4. ಬೆಲೆ ಏರಿಕೆಗೂ ಸಾಲದಷ್ಟು ಬಡ್ಡಿಗೆ ಅವಳು ತನ್ನ ಹಣವನ್ನು ಬ್ಯಾಂಕಿಗೆ, ಬ್ಯಾಂಕಿನ ಮೂಲಕ ನನ್ನಂಥವರಿಗೆ ಕೊಟ್ಟಿದ್ದಳು.

ಆ ದಿನಗಳಲ್ಲಿ ಅಮ್ಮ ಏನನ್ನು ಬಿಟ್ಟಳು ಎಂಬುದು ನನಗೆ ಗೊತ್ತಾದದ್ದು ಅವಳ ಪುಸ್ತಕದ ಬಲಗಡೆಯ ಪುಟದಿಂದ. ಬಿಪಿ ಮಾತ್ರೆ ಬಿಟ್ಟಿರಲಿಲ್ಲ. ಗ್ಯಾಸು, ಕರೆಂಟು, ಹಾಲು ಎಲ್ಲ ಹಾಗೇ ಇದ್ದವು. ಇಲ್ಲದೆ ಹೋಗಿದ್ದುದು ‘ಮುಯ್ಯಿ’ ಎಂಬ ಸಾಲು. ಮುಂಚೆ ತಿಂಗಳಿಗೆ ಎರಡು ಮೂರು ಕಡೆ ಇರುತ್ತಿತ್ತು: ಇಂಥವರ ಮಗಳ ಮದುವೆ 500, ಇಂಥವರ ಗೃಹಪ್ರವೇಶ 300, ಇಂಥವರ ಮೊಮ್ಮಗುವಿನ ನಾಮಕರಣ 200. ಮದುವೆಗಳೇ ನಡೆಯದ ಲಾಕ್‌ಡೌನ್ ಮುಗಿದ ಮೇಲೂ ಆ ಸಾಲು ವಾಪಸ್ ಬಂದಿರಲಿಲ್ಲ. ಯಾಕೆ ಎಲ್ಲೂ ಹೋಗುತ್ತಿಲ್ಲ ಎಂದು ಕೇಳಿದೆ. “ಮಂಡಿ ನೋವು ಕಣೇ” ಅಂದಳು. ಸ್ವಲ್ಪ ಹೊತ್ತು ಬಿಟ್ಟು ತಾನೇ ಹೇಳಿದಳು: “ಅವರೆಲ್ಲ ನಿನ್ನ ಮದುವೇಲಿ ಕೈಬಿಚ್ಚಿ ಮಾಡ್ದೋರು. ಇವತ್ತು ನಾನು ಹೋಗಿ ನೂರು ರೂಪಾಯಿ ಕವರು ಕೊಡಕ್ಕಾಗುತ್ತಾ?”

ನಾನು ತಿಂಗಳಿಗೆ ಮೂರು ಸಾವಿರ ಕಳಿಸುತ್ತೇನೆ ಎಂದೆ. ಈ ಸಲ ಬಡ್ಡಿಯಲ್ಲಿ ಕಡಿಮೆಯಾದದ್ದು ಹೆಚ್ಚುಕಡಿಮೆ ಅಷ್ಟೇ ತಾನೆ ಎಂಬುದು ನನ್ನ ಲೆಕ್ಕ. ಅವಳು ಒಪ್ಪಲಿಲ್ಲ. “ಔಷಧಿಗೆ ಬೇಕಾದ್ರೆ ಕೇಳ್ತೀನಿ. ಮಗಳ ಮನೆ ದುಡ್ಡಲ್ಲಿ ಮುಯ್ಯಿ ಮಾಡಿದ್ರೆ ಅದು ನನ್ನ ಮುಯ್ಯಿ ಹೆಂಗಾಗುತ್ತೆ?” ಎಂದಳು.

ಆ ಮಾತಿನಲ್ಲಿ ನನಗೆ ಅರ್ಥವಾದದ್ದು ಬಹಳ. ಬಡ್ಡಿ ದುಡ್ಡು ಅವಳಿಗೆ ಆದಾಯ. ಬ್ಯಾಂಕಿಗೆ ಹೋಗಿ, ಪಾಸ್‌ಬುಕ್ ಎಂಟ್ರಿ ಮಾಡಿಸಿ, ತನ್ನ ಸಹಿ ಹಾಕಿ ತರುವ ಹಣ. ಗಂಡ ದುಡಿದು ಬಿಟ್ಟುಹೋದದ್ದರ ಫಲ. ಅದರಲ್ಲಿ ಅವಳು ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ. ನಾನು ಕೊಡುವ ಮೂರು ಸಾವಿರ ಎಷ್ಟೇ ಪ್ರೀತಿಯದಾದರೂ ಆಸರೆ. ದುಡಿಯುವ ಮಕ್ಕಳಿದ್ದಾರಲ್ಲ, ಹಿರಿಯರಿಗೆ ಬಡ್ಡಿ ಕಡಿಮೆಯಾದರೆ ಏನಂತೆ ಎಂದು ವಾದಿಸುವವರನ್ನು ಕೇಳಿದ್ದೇನೆ. ನಾನೇ ಒಳಗೊಳಗೆ ಹಾಗೆ ಸಮಾಧಾನ ಮಾಡಿಕೊಂಡಿದ್ದೇನೆ. ಆದಾಯವಿದ್ದವಳನ್ನು ಆಸರೆ ಬೇಡುವವಳನ್ನಾಗಿ ಮಾಡುವುದು ಸಣ್ಣ ನಷ್ಟವಲ್ಲ. ಹಣದುಬ್ಬರದ ಅಂಕಿ ಅಂಶದಲ್ಲಿ ಅದಕ್ಕೆ ಜಾಗವಿಲ್ಲ ಅಷ್ಟೆ.

ಇಷ್ಟು ಹೇಳಿದ ಮೇಲೆ ಶೇ 9ರ ಕಾಲವನ್ನು ಚಿನ್ನದ ಕಾಲ ಎಂದು ನೆನೆಯುವುದೂ ಸರಿಯಲ್ಲ. 2012, 2013ರಲ್ಲಿ ಹಣದುಬ್ಬರವೂ ಶೇ 9, 10ರ ಸುತ್ತಮುತ್ತ ಇತ್ತು. ಬಂದ 15,000ವನ್ನು ಅಮ್ಮ ಪೂರಾ ಖರ್ಚು ಮಾಡುತ್ತಿದ್ದಳು, ಮಾಡದೆ ವಿಧಿಯಿರಲಿಲ್ಲ. ಹಾಗಾಗಿ 20 ಲಕ್ಷದ ಕೊಳ್ಳುವ ಶಕ್ತಿ ಆಗಲೂ ವರ್ಷ ವರ್ಷ ಕರಗುತ್ತಲೇ ಇತ್ತು. ಬಡ್ಡಿ ಹೆಚ್ಚಿದ್ದಾಗ ಆ ಕರಗುವಿಕೆ ಕಾಣಿಸಲಿಲ್ಲ, ಇಳಿದಾಗ ಕಂಡಿತು. ದರ ಎಷ್ಟು ಎಂಬುದೊಂದನ್ನೇ ನೋಡದೆ, ದರಕ್ಕೂ ಬೆಲೆ ಏರಿಕೆಗೂ ನಡುವಿನ ಅಂತರ ಎಷ್ಟು ಎಂದು ನೋಡಬೇಕೆಂಬ ಪಾಠವನ್ನು ನಾನು ಕಲಿತದ್ದು ಅವಳ ಪುಸ್ತಕದಿಂದಲೇ.

ಕಡಿಮೆ ಬಡ್ಡಿ ಉಳಿತಾಯಗಾರರನ್ನು ಎತ್ತ ತಳ್ಳುತ್ತದೆ ಎಂಬುದನ್ನೂ ಆಗ ಕಂಡೆ. ದೇಶದಲ್ಲಿ ಡಿಮ್ಯಾಟ್ ಖಾತೆಗಳು 2020ರ ಮಾರ್ಚ್‌ನಲ್ಲಿ ಸುಮಾರು 4 ಕೋಟಿ ಇದ್ದದ್ದು ಎರಡೇ ವರ್ಷದಲ್ಲಿ 9 ಕೋಟಿಯ ಹತ್ತಿರ ಹೋದವು. ವಯಸ್ಸಿರುವವರು, ಸಂಬಳ ಬರುವವರು ಷೇರಿಗೆ ಹೋದರೆ ಏಳುಬೀಳು ತಡೆದುಕೊಂಡಾರು. ಅಮ್ಮನಂಥವರ ಹತ್ತಿರ ಬಂದವರು ಬೇರೆ. ತಿಂಗಳಿಗೆ ನೂರಕ್ಕೆ ಎರಡು ಕೊಡುತ್ತೇವೆ ಎನ್ನುವ ಬ್ಲೇಡ್ ಕಂಪನಿಗಳು, ಕೈಚೀಟಿ ನಡೆಸುವವರು. ನಮ್ಮ ಸಂಬಂಧಿಕರೊಬ್ಬರು ಅಮ್ಮನನ್ನು ಅಂಥ ಕಡೆಗೆ ಎಳೆದಿದ್ದರು. ಅವಳು ಹೋಗಲಿಲ್ಲ, ಏಕೆಂದರೆ 2020ರ ಜನವರಿಯಲ್ಲಿ ಬೆಂಗಳೂರಿನ ಬಸವನಗುಡಿಯ ಸಹಕಾರಿ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ, 35,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ನಿವೃತ್ತರು ಬೀದಿಯಲ್ಲಿ ನಿಂತು ಅತ್ತದ್ದನ್ನು ಅವಳು ಟಿವಿಯಲ್ಲಿ ನೋಡಿದ್ದಳು. ಸುರಕ್ಷಿತ ಹಣಕ್ಕೆ ಬದುಕುವಷ್ಟು ಬಡ್ಡಿ ಸಿಗದೆ ಹೋದರೆ ಜನ ದುರಾಸೆಯಿಲ್ಲದೆಯೂ ಅಪಾಯಕ್ಕೆ ಕೈ ಹಾಕುತ್ತಾರೆ.

ಸಾಲಗಾರರ ಕಡೆಯ ಕಥೆಯೂ ಪೂರ್ತಿ ಸುಖದ್ದಲ್ಲ. ನಮ್ಮ ಆಫೀಸಿನ ಕಿರಿಯ ಸಹೋದ್ಯೋಗಿಯೊಬ್ಬಳು 2021ರಲ್ಲಿ ಶೇ 6.7ಕ್ಕೆ 40 ಲಕ್ಷ ಸಾಲ ತೆಗೆದಳು, ಕಂತು 30,300. ಬಡ್ಡಿ ಶೇ 8.5 ಇದ್ದಿದ್ದರೆ ಅದೇ ಕಂತಿಗೆ ಅವಳಿಗೆ 35 ಲಕ್ಷ ಮಾತ್ರ ಸಿಗುತ್ತಿತ್ತು. ದರ ಇಳಿದದ್ದರಿಂದ ಇನ್ನೊಂದು ಕೋಣೆ ಇರುವ ಫ್ಲಾಟಿಗೆ ಕೈ ಚಾಚಿದಳು. 2022ರ ಮೇನಿಂದ 2023ರ ಫೆಬ್ರವರಿಯೊಳಗೆ ರೆಪೊ ದರ ಶೇ 4ರಿಂದ 6.5ಕ್ಕೆ ಏರಿತು. ಅವಳ ಬಡ್ಡಿ ಶೇ 9.2ಕ್ಕೆ ಹೋಯಿತು. ಕಂತು ಅಷ್ಟೇ ಇಟ್ಟರೆ 18 ವರ್ಷ ಉಳಿದಿದ್ದ ಸಾಲ ಹೆಚ್ಚುಕಡಿಮೆ 35 ವರ್ಷದ್ದಾಗುತ್ತದೆ. ಕಟ್ಟಿದ ಕಂತಿನಲ್ಲಿ 29,000ಕ್ಕೂ ಹೆಚ್ಚು ಬಡ್ಡಿಗೇ ಹೋಗಿ ಅಸಲಿಗೆ ಸೇರುವುದು ಸಾವಿರದಷ್ಟು. ಇಂಥವರ ಪಾಡು ನೋಡಿಯೇ 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್, ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೇ ಕೊಡಬೇಕೆಂದು ಬ್ಯಾಂಕುಗಳಿಗೆ ಸೂಚಿಸಿತು.

ಇನ್ನು ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ. ರೆಪೊ ದರ ಶೇ 4 ಇದ್ದ ವರ್ಷಗಳಲ್ಲೂ ಅವಳ ಸಂಘದ ಸಾಲದ ಬಡ್ಡಿ ಶೇ 20ರ ಮೇಲೇ ಇತ್ತು. ಮಗನ ಆಸ್ಪತ್ರೆ ಖರ್ಚಿಗೆಂದು ತಂದ ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಐದು, ವರ್ಷಕ್ಕೆ ಅರವತ್ತಾಯಿತು. ಹೇಮಾವತಿ ಕಾಲುವೆಗೆ ನೀರು ಬಿಟ್ಟರು ಎಂದು ಪೇಪರಿನಲ್ಲಿ ಬಂದರೂ ಕಾಲುವೆಯ ಕೊನೆಯ ಹೊಲಗಳು ಒಣಗಿರುವಂತೆ, ದರ ಇಳಿಕೆ ಅವಳವರೆಗೆ ಹರಿಯಲೇ ಇಲ್ಲ. ಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು ಎಂದರೆ ಆ ಕಡೆಯ ಸ್ಥಿತಿ ಏನಿತ್ತೆಂದು ಊಹಿಸಬಹುದು. ಅಗ್ಗದ ಸಾಲದ ಲಾಭ ಸಿಕ್ಕಿದ್ದು ಸಂಬಳದ ಚೀಟಿ, ಮನೆಯ ಪತ್ರ, ಒಳ್ಳೆಯ ಸಿಬಿಲ್ ಅಂಕ ಇರುವ ನನ್ನಂಥವರಿಗೆ. ಅದನ್ನು ನಾನು ಒಪ್ಪಿಕೊಳ್ಳಬೇಕು.

2023ರಲ್ಲಿ ನನ್ನ ಮನಸ್ಸು ಇನ್ನೊಂದು ಪರೀಕ್ಷೆಗೆ ನಿಂತಿತು. ಆ ವರ್ಷ ಅಮ್ಮನಿಗೆ ಅರವತ್ತು ತುಂಬಿತು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ ಏಪ್ರಿಲ್‌ನಿಂದ ಶೇ 8.2 ಆಗಿತ್ತು, ಇಡಬಹುದಾದ ಮಿತಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿತ್ತು. ಎಫ್‌ಡಿ ಮುರಿಸಿ ಅಲ್ಲಿಗೆ ಹಾಕೋಣ ಎಂದರೆ ಅಮ್ಮನಿಗೆ ಅಳುಕು: “ನಿಮ್ಮಪ್ಪ ಬಿಟ್ಟುಹೋದ ದುಡ್ಡು, ಅವಧಿ ಮುಗಿಯೋಕೆ ಮುಂಚೆ ಮುರೀಬಾರದು.” ಕೂತು ಲೆಕ್ಕ ತೋರಿಸಿದೆ. ಮುರಿಸಿದ್ದಕ್ಕೆ ಕಡಿತವಾಗುವುದು ಮೂವತ್ತು ಸಾವಿರದ ಆಸುಪಾಸು. ಹೊಸ ದರದಲ್ಲಿ ಹೆಚ್ಚಿಗೆ ಬರುವುದು ವರ್ಷಕ್ಕೆ 56,000. ಏಳೆಂಟು ತಿಂಗಳಲ್ಲಿ ನಷ್ಟ ತುಂಬುತ್ತದೆ. ಅವಳು ಪೆನ್ನು ತೆಗೆದುಕೊಂಡು ತಾನೇ ಮತ್ತೊಮ್ಮೆ ಕೂಡಿ ಕಳೆದು ನೋಡಿ, ಆಮೇಲೆ ಒಪ್ಪಿದಳು. ಈಗ ಮೂರು ತಿಂಗಳಿಗೊಮ್ಮೆ 41,000 ಬರುತ್ತದೆ. ಮುಯ್ಯಿಯ ಸಾಲು ಪುಸ್ತಕಕ್ಕೆ ಮರಳಿ ಬಂತು.

ಅದೇ ಹೊತ್ತಿಗೆ ನಮ್ಮ ಸಾಲದ ಬಡ್ಡಿ ಏರಿ, ಕಡಿಮೆಯಾಗಿದ್ದ ಮೂರು ವರ್ಷ ಪೂರಾ ವಾಪಸ್ ಬಂದಿತ್ತು. ಅಮ್ಮನಿಗೆ ಒಳ್ಳೆಯದಾದ ವರ್ಷ ನನ್ನ ಮನಸ್ಸು ನಿರಾಳವಾಗಿತ್ತೇ? ಇರಲಿಲ್ಲ. ಅವಳ ದರ ಏರಿತೆಂಬ ಸಂತೋಷಕ್ಕಿಂತ ನನ್ನ ಅವಧಿ ಬೆಳೆಯಿತೆಂಬ ಚಿಂತೆಯೇ ದೊಡ್ಡದಾಗಿತ್ತು. 2021ರಲ್ಲಿ ಅವಳು ತನ್ನ ಬಡ್ಡಿ ಇಳಿದಾಗ “ನಿಮ್ಮ ಸಾಲದ ಬಡ್ಡಿನೂ ಇಳೀತಂತಲ್ಲ, ಬಿಡು, ಒಳ್ಳೇದಾಯ್ತು” ಎಂದಿದ್ದಳು. ಅವಳಿಗೆ ಸಹಜವಾಗಿ ಬಂದದ್ದು ನನಗೆ ಬರಲಿಲ್ಲ. ಅವಳ ನಷ್ಟ ಅವಳ ಆದಾಯದ ಐದನೇ ಒಂದು ಪಾಲಿಗಿಂತ ಹೆಚ್ಚು. ನನ್ನ ನಷ್ಟ, ಮುಂದೆ ಎಂದೋ ಕಟ್ಟಬೇಕಾದ ಕಂತು. ಲಾಭವಾದಾಗ ಅದು ನನ್ನ ಹಕ್ಕು ಎನಿಸುವುದು, ಭಾರ ಬಿದ್ದಾಗ ಅನ್ಯಾಯ ಎನಿಸುವುದು, ಇದು ನನ್ನೊಳಗೆ ಇರುವ ಗುಣ. ಸಾಲಗಾರರ ಧ್ವನಿ ದೊಡ್ಡದಾಗಿ ಕೇಳಿಸುವುದರ ಹಿಂದೆಯೂ ಈ ಗುಣವಿದೆ ಎಂದು ನನ್ನನ್ನು ನೋಡಿಕೊಂಡೇ ಹೇಳುತ್ತೇನೆ. ಠೇವಣಿದಾರರು ಚದುರಿಹೋದವರು, ವಯಸ್ಸಾದವರು. 2021ರ ಮಾರ್ಚ್ 31ರಂದು ಸಣ್ಣ ಉಳಿತಾಯಗಳ ದರ ಇಳಿಸಿ ಆದೇಶ ಬಂದು, ಹಿರಿಯರ ಯೋಜನೆ ಶೇ 7.4ರಿಂದ 6.5ಕ್ಕೆ, ಪಿಪಿಎಫ್ 7.1ರಿಂದ 6.4ಕ್ಕೆ ಬೀಳುವುದಿತ್ತು. ಮಾರನೆಯ ಬೆಳಿಗ್ಗೆಯೇ ಹಣಕಾಸು ಸಚಿವರು ಅದನ್ನು ಹಿಂತೆಗೆದುಕೊಂಡರು. ಉಳಿತಾಯಗಾರರ ಕಡೆಯ ಮಾತು ಅಷ್ಟು ಬೇಗ ನಡೆದದ್ದನ್ನು ನಾನು ಬೇರೆಂದೂ ಕಂಡಿಲ್ಲ.

2025ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ರೆಪೊ ದರ ನಾಲ್ಕು ಸಲ ಇಳಿದು ಶೇ 6.5ರಿಂದ 5.25ಕ್ಕೆ ಬಂದಿತು. ಈ ಸಲದ ಪರಿಸ್ಥಿತಿ 2020ರದಲ್ಲ. ಬೆಲೆ ಏರಿಕೆಯೂ ಬಹಳ ಇಳಿದಿತ್ತು. ಅಕ್ಟೋಬರ್‌ನಲ್ಲಿ ಶೇ 0.25. ಅಮ್ಮನ ಶೇ 8.2 ಅಂತೂ 2028ರವರೆಗೆ ಭದ್ರ. ನಮ್ಮ ಅವಧಿ ಮತ್ತೆ ಇಳಿಯುತ್ತಿದೆ. ಮನೆಯ ಎರಡೂ ಕಾಗದಗಳಲ್ಲಿ ಈಗ ಒಳ್ಳೆಯ ಸುದ್ದಿಯೇ ಇದೆ. ನನ್ನ ಅಮ್ಮ ಸುರಕ್ಷಿತಳಾದಳೆಂದು ನಾನು ಇಲ್ಲಿಗೆ ನಿಲ್ಲಿಸಿಬಿಟ್ಟರೆ, ಇಷ್ಟು ದಿನ ನಾನು ಯೋಚಿಸಿದ್ದು ಬರೀ ನಮ್ಮ ಮನೆಯ ಜಮಾ ಖರ್ಚು ಎಂದಾಗುತ್ತದೆ.

ಅಮ್ಮನ ಬೀದಿಯಲ್ಲೇ ಇನ್ನೊಬ್ಬರಿದ್ದಾರೆ. ಐವತ್ತನಾಲ್ಕು ವರ್ಷ, ಗಂಡ ಇಲ್ಲ, ಪಿಂಚಣಿ ಇಲ್ಲ, ಎಫ್‌ಡಿ ಬಡ್ಡಿಯೇ ಜೀವನ. ಹಿರಿಯ ನಾಗರಿಕರ ಯೋಜನೆಯ ಬಾಗಿಲು ಅವರಿಗೆ ಇನ್ನೂ ಆರು ವರ್ಷ ತೆರೆಯುವುದಿಲ್ಲ. ನೌಕರಿಯಿಂದ ಬೇಗ ನಿವೃತ್ತರಾದವರಿಗೆ ವಯಸ್ಸಿನಲ್ಲಿ ಸಡಿಲಿಕೆ ಇದೆ. ಖಾಸಗಿ ಕೆಲಸಗಾರನ ವಿಧವೆಗೆ ಇಲ್ಲ. ಅಮ್ಮ ಸಹ ಐವತ್ತರಿಂದ ಅರವತ್ತರವರೆಗಿನ ಆ ಹತ್ತು ವರ್ಷವನ್ನು ಹಾಗೆಯೇ ಕಳೆದದ್ದು. ದರ ಇಳಿಸುವುದು ದೇಶಕ್ಕೆ ಅಗತ್ಯವಾದಾಗ ಇಳಿಸಲಿ. ಆದರೆ ಬಡ್ಡಿಯನ್ನೇ ನಂಬಿದ ಒಂಟಿ ಹೆಂಗಸರಿಗೆ ವಯಸ್ಸು ನೋಡದೆ ಆ ಯೋಜನೆ ತೆರೆಯಲಿ. ದರ ಇಳಿದ ಕೂಡಲೇ ನನ್ನ ಮೊಬೈಲಿಗೆ ಸಂದೇಶ ಕಳಿಸುವ ಬ್ಯಾಂಕು, ಎಫ್‌ಡಿ ಮುಗಿಯುವ ತಿಂಗಳ ಮುಂಚೆ ಠೇವಣಿದಾರರನ್ನು ಕೂರಿಸಿಕೊಂಡು ಈಗಿನ ದರ ಎಷ್ಟು, ಐದು ವರ್ಷಕ್ಕೆ ಬಿಗಿದಿಡುವುದು ಒಳ್ಳೆಯದೋ ಒಂದು ವರ್ಷಕ್ಕೆ ಇಟ್ಟು ನೋಡುವುದು ಒಳ್ಳೆಯದೋ ಎಂದು ಕನ್ನಡದಲ್ಲಿ ತಿಳಿಹೇಳಲಿ.

ನಾನು ಮಾಡಬಹುದಾದದ್ದೂ ಇದೆ. ಕೆಲಸಕ್ಕೆ ಬರುವ ಅಕ್ಕನ ನೂರಕ್ಕೆ ಐದರ ಕೈಸಾಲವನ್ನು ನಾವು ತೀರಿಸಿದ್ದೇವೆ. ಅವಳು ಬಡ್ಡಿಯಿಲ್ಲದೆ ತಿಂಗಳಿಗೆ ಇಷ್ಟೆಂದು ನಮಗೆ ಹಿಂತಿರುಗಿಸುತ್ತಿದ್ದಾಳೆ. ನಮಗೆ ಇಳಿದ ಬಡ್ಡಿಯಲ್ಲಿ ಒಂದು ಪಾಲು ಅಲ್ಲಿಗೆ ಹೋಗಿದೆ. ತನ್ನ ಬೀದಿಯ ಆ ಹೆಂಗಸಿನ ರಸೀದಿಗಳನ್ನು ಅಮ್ಮ ತನ್ನ ಪುಸ್ತಕದ ಹಾಗೆಯೇ ಒಂದು ಪುಸ್ತಕದಲ್ಲಿ ಬರೆದಿಟ್ಟು, ಯಾವಾಗ ಯಾವುದನ್ನು ಮುಟ್ಟಬೇಕೆಂದು ಹೇಳಿಕೊಡುತ್ತಿದ್ದಾಳೆ. ಇವೆಲ್ಲ ಸಣ್ಣ ಕೆಲಸಗಳು. ಬಡ್ಡಿ ದರದ ನೀತಿಯನ್ನು ಇವು ಬದಲಿಸುವುದಿಲ್ಲ. ಆದರೆ ನನಗೆ ಸಿಗುವ ಪ್ರತಿ ಅಗ್ಗದ ಸಾಲದ ಹಿಂದೆ ತನ್ನ ಹಣವನ್ನು ಅಗ್ಗಕ್ಕೆ ಕೊಟ್ಟವರೊಬ್ಬರು ಇದ್ದಾರೆ, ಅವರಿಗೆ ನಾನು ಬಾಕಿ ಇದ್ದೇನೆ. ಆ ಬಾಕಿಯನ್ನು ಬ್ಯಾಂಕು ನನ್ನ ಖಾತೆಯಲ್ಲಿ ತೋರಿಸುವುದಿಲ್ಲ. ಹಾಗಾಗಿ ನಾನೇ ಬರೆದಿಟ್ಟುಕೊಳ್ಳಬೇಕು, ನಾನೇ ತೀರಿಸಬೇಕು.